ಡೌನ್ಸ್‌ವ್ಯೂನಿಂದ ವಿಕ್ಟೋರಿಯಾದವರೆಗೆ: ಡಿ ಹ್ಯಾವಿಲೆಂಡ್ ಕೆನಡಾದ ಜಾಡಿನಲ್ಲಿ

ಶನಿವಾರ, ಮೌಂಟ್ ಡೆನಿಸ್

ಟೊರಾಂಟೊ ನಗರದ ವಾಯವ್ಯಕ್ಕೆ ಟ್ರೆಥ್‌ವಿ ಡ್ರೈವ್ ಎಂಬ ರಸ್ತೆಯಿದೆ. ಇಕ್ಕೆಲಗಳಲ್ಲೂ ಮನೆಗಳು, ಸಣ್ಣ ಅಂಗಡಿಗಳು, ಒಂದು ಬಸ್ ನಿಲ್ದಾಣ. ಪ್ರವಾಸಿಗರು ಬರುವ ಜಾಗವಲ್ಲ. ಕಾರು ನಿಲ್ಲಿಸಿದ ನನ್ನ ಅಕ್ಕನ ಮಗಳು, "ಮಾವ, ನಯಾಗರ ಬಿಟ್ಟು ಇಲ್ಲಿಗೆ ಕರೆತನ್ನಿ ಎಂದವರು ನೀವೊಬ್ಬರೇ" ಎಂದಳು. ನಿಜ. ಆದರೆ ನಾನು ಕೆನಡಾಕ್ಕೆ ಬಂದದ್ದೇ ಡಿ ಹ್ಯಾವಿಲೆಂಡ್ ಕೆನಡಾ ಎಂಬ ವಿಮಾನ ಕಂಪನಿಯ ಜಾಡು ಹಿಡಿಯಲು.

ಇದು ಟ್ರೆಥ್‌ವಿ ಎಂಬ ಶ್ರೀಮಂತನ ಹೊಲವಾಗಿತ್ತು. 1910ರ ಜುಲೈ ತಿಂಗಳಲ್ಲಿ ಫ್ರೆಂಚ್ ವೈಮಾನಿಕ ಜಾಕ್ ದ ಲೆಸೆಪ್ಸ್ ಇಲ್ಲಿಂದಲೇ ಬ್ಲೆರಿಯೊ ವಿಮಾನವೇರಿ ಟೊರಾಂಟೊ ನಗರದ ಮೇಲೆ ಹಾರಿದ. ಆ ನಗರ ತನ್ನ ನೆತ್ತಿಯ ಮೇಲೆ ವಿಮಾನ ಕಂಡದ್ದು ಅದೇ ಮೊದಲು. ಹೊಲಕ್ಕೆ ಅವನ ಹೆಸರೇ ನಿಂತಿತು. 1928ರಲ್ಲಿ ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಂಪನಿ ತನ್ನ ಕೆನಡಾ ಶಾಖೆಯನ್ನು ಆರಂಭಿಸಿದ್ದು ಈ ಲೆಸೆಪ್ಸ್ ಮೈದಾನದಲ್ಲಿ.

ಜೆಫ್ರಿ ಡಿ ಹ್ಯಾವಿಲೆಂಡ್ 1920ರಲ್ಲಿ ಲಂಡನ್ ಬಳಿಯ ಸ್ಟಾಗ್ ಲೇನ್‌ನಲ್ಲಿ ಕಂಪನಿ ಕಟ್ಟಿದರು. 1925ರಲ್ಲಿ ಹಾರಿದ ಅವರ ಮಾತ್ ವಿಮಾನ ಕಂಪನಿಯ ಭಾಗ್ಯವನ್ನೇ ಬದಲಿಸಿತು. ಮರ ಮತ್ತು ಬಟ್ಟೆಯ ಎರಡು ಸೀಟಿನ ಹಗುರ ವಿಮಾನ. ರೆಕ್ಕೆಗಳನ್ನು ಹಿಂದಕ್ಕೆ ಮಡಚಿದರೆ ಸಾಮಾನ್ಯ ಶೆಡ್ಡಿನೊಳಗೆ ನಿಲ್ಲುತ್ತಿತ್ತು. ಪೆಟ್ಟಿಗೆಯಲ್ಲಿ ತುಂಬಿ ಹಡಗಿನಲ್ಲಿ ಎಲ್ಲಿಗೆ ಬೇಕಾದರೂ ಕಳುಹಿಸಬಹುದಾಗಿತ್ತು. 1927ರಲ್ಲಿ ಆಸ್ಟ್ರೇಲಿಯಾದಲ್ಲಿ ಶಾಖೆ ತೆರೆಯಿತು, ಮರುವರ್ಷ ಕೆನಡಾದಲ್ಲಿ. ಒಂಟಾರಿಯೊ ಪ್ರಾಂತ್ಯದ ವಾಯುಸೇವೆ ಕಾಡ್ಗಿಚ್ಚಿನ ಕಾವಲಿಗೆ ಮಾತ್‌ಗಳನ್ನು ಕೊಂಡಿತ್ತು. ಹೊಸದಾಗಿ ಹುಟ್ಟಿದ ಫ್ಲೈಯಿಂಗ್ ಕ್ಲಬ್‌ಗಳಿಗೆ ಸರ್ಕಾರವೇ ವಿಮಾನ ಒದಗಿಸುತ್ತಿತ್ತು. ಗಿರಾಕಿಗಳಿದ್ದರು. ಶಾಖೆಯ ಕೆಲಸವೆಂದರೆ ಪೆಟ್ಟಿಗೆ ಒಡೆದು, ಜೋಡಿಸಿ, ಹಾರಿಸಿ ನೋಡಿ, ಒಪ್ಪಿಸುವುದು.

ಇದೇ ಕಂಪನಿಯ ಪಸ್ ಮಾತ್ ವಿಮಾನಗಳಲ್ಲೇ ನಮ್ಮ ದೇಶದ ನಾಗರಿಕ ವಿಮಾನಯಾನವೂ ಶುರುವಾಯಿತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಟಪಾಲು ತಂದರು; ಅಲ್ಲಿಂದ ನೆವಿಲ್ ವಿನ್ಸೆಂಟ್ ಇನ್ನೊಂದು ಪಸ್ ಮಾತ್‌ನಲ್ಲಿ ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದರು. ಅಕ್ಕನ ಮಗಳು ಹುಟ್ಟಿದ್ದು ಬಳ್ಳಾರಿಯಲ್ಲಿ. ಈ ಮಾತು ಕೇಳಿದ ಮೇಲೆ ಅವಳೂ ಕಾರಿನಿಂದ ಇಳಿದು ರಸ್ತೆಯ ಉದ್ದಕ್ಕೆ ಒಂದು ಸುತ್ತು ನಡೆದಳು.

ನನ್ನ ಆಸಕ್ತಿಗೆ ಬೇರೆ ಕಾರಣವಿದೆ. ನನ್ನ ತಂದೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು. 1950ರ ದಶಕದಲ್ಲಿ ಅಲ್ಲಿ ಡಿ ಹ್ಯಾವಿಲೆಂಡ್ ವ್ಯಾಂಪೈರ್ ಜೆಟ್‌ಗಳು ಪರವಾನಗಿಯ ಮೇಲೆ ತಯಾರಾಗುತ್ತಿದ್ದವು. ಬೇರೆಯವರ ನಕ್ಷೆ ನೋಡಿ ಕೆಲಸ ಮಾಡುವುದರಲ್ಲಿ ಕೈ ಪಳಗುತ್ತದೆ, ಆದರೆ ನಕ್ಷೆ ಬರೆಯುವ ಧೈರ್ಯ ಎಲ್ಲಿಂದ ಬರುತ್ತದೆ ಎಂದು ಅವರು ಊಟದ ಹೊತ್ತಿನಲ್ಲಿ ಕೇಳುತ್ತಿದ್ದರು. ಪೆಟ್ಟಿಗೆ ಒಡೆಯಲು ಹುಟ್ಟಿದ ಈ ಶಾಖೆ ಇಪ್ಪತ್ತು ವರ್ಷಗಳೊಳಗೆ ಜಗತ್ತೇ ಬೇಡುವ ವಿಮಾನವನ್ನು ತಾನೇ ರೂಪಿಸಿತು. ಅದು ಹೇಗೆ ಎಂದು ಅದರ ಜಾಗಗಳಲ್ಲೇ ನಿಂತು ನೋಡಬೇಕಿತ್ತು.

ಭಾನುವಾರ, ಡೌನ್ಸ್‌ವ್ಯೂ

ಸುರಂಗ ರೈಲು ಈಗ ಡೌನ್ಸ್‌ವ್ಯೂ ಪಾರ್ಕ್‌ಗೇ ಹೋಗುತ್ತದೆ. ನಿಲ್ದಾಣದಿಂದ ಹೊರಬಂದರೆ ಕಾರ್ಲ್ ಹಾಲ್ ರಸ್ತೆ ಹತ್ತಿರ. ಅದರ 65ನೇ ಸಂಖ್ಯೆಯ ಕಟ್ಟಡ ಡಿ ಹ್ಯಾವಿಲೆಂಡ್ ಕೆನಡಾದ ಮೊದಲ ಸ್ವಂತ ಕಾರ್ಖಾನೆ. ಲೆಸೆಪ್ಸ್ ಮೈದಾನ ಸಾಲದಾದಾಗ 1929ರಲ್ಲಿ ಕಂಪನಿ ಇಲ್ಲಿಗೆ ಬಂತು. ಬಹುಕಾಲ ಇದರಲ್ಲಿ ವಿಮಾನ ಸಂಗ್ರಹಾಲಯವಿತ್ತು. 2011ರಲ್ಲಿ ಅದನ್ನು ಖಾಲಿ ಮಾಡಿಸಿದರು. ಈಗ ಸೆಂಟೆನಿಯಲ್ ಕಾಲೇಜು ಹಳೆಯ ಗೋಡೆಗಳನ್ನು ಉಳಿಸಿಕೊಂಡೇ ವಿಮಾನ ತಂತ್ರಜ್ಞರ ತರಬೇತಿ ಕೇಂದ್ರ ಕಟ್ಟಿದೆ. ಭಾನುವಾರವಾದ್ದರಿಂದ ಬಾಗಿಲು ಮುಚ್ಚಿತ್ತು. ಗಾಜಿಗೆ ಮುಖ ಒತ್ತಿ ನೋಡಿದೆ. ಸಂಗ್ರಹಾಲಯ ಹೋದದ್ದಕ್ಕೆ ಬೇಸರವಿದೆ, ಆದರೆ ಹುಡುಗ ಹುಡುಗಿಯರು ರಿವೆಟ್ ಹೊಡೆಯಲು ಕಲಿಯುವ ಜಾಗವಾಗಿ ಈ ಕಟ್ಟಡ ಉಳಿದದ್ದು ನನಗೆ ತುಂಬ ಸಮಾಧಾನ ತಂದಿತು.

ಇಲ್ಲಿಗೆ ಬಂದ ವರ್ಷವೇ ಆರ್ಥಿಕ ಕುಸಿತ. ಹೊಸ ವಿಮಾನ ಕೊಳ್ಳುವವರಿಲ್ಲದಾಗ ಶಾಖೆ ಬದುಕಿದ್ದು ರಿಪೇರಿಯಿಂದ, ಹಿಮದ ಮೇಲಿಳಿಯಲು ಸ್ಕೀ ಪಟ್ಟಿಗಳನ್ನೂ ನೀರಿನ ಮೇಲಿಳಿಯಲು ತೇಲುಗಾಲುಗಳನ್ನೂ ಜೋಡಿಸುವ ಕೆಲಸದಿಂದ. ನನ್ನ ಮಟ್ಟಿಗೆ ಈ ಕಥೆಯ ಬೇರು ಇಲ್ಲಿದೆ. ಇಂಗ್ಲೆಂಡಿನ ಹುಲ್ಲುಗಾವಲಿನಲ್ಲಿ ಇಳಿಯಲು ಮಾಡಿದ ವಿಮಾನ ಕೆನಡಾದ ಚಳಿಗಾಲದಲ್ಲಿ ಎಲ್ಲೆಲ್ಲಿ ಸೋಲುತ್ತದೆ ಎಂಬುದು ರಿಪೇರಿ ಮಾಡುವವನಿಗೆ ಮೊದಲು ಗೊತ್ತಾಗುತ್ತದೆ. ಯುದ್ಧದ ಹೊತ್ತಿಗೆ ಡೌನ್ಸ್‌ವ್ಯೂ ತಯಾರಿಸಿದ ಟೈಗರ್ ಮಾತ್‌ನಲ್ಲಿ ಆ ಪಾಠಗಳೆಲ್ಲ ಕಾಣುತ್ತವೆ: ತೆರೆದ ಕಾಕ್‌ಪಿಟ್ ಮೇಲೆ ಜಾರುವ ಮುಚ್ಚಳ, ಒಳಗೆ ಬಿಸಿಗಾಳಿ, ಚಕ್ರಗಳಿಗೆ ಬ್ರೇಕು, ಬಾಲಕ್ಕೆ ಪುಟ್ಟ ಗಾಲಿ. ಇಂತಹ 1,500ಕ್ಕೂ ಹೆಚ್ಚು ವಿಮಾನಗಳು ಇಲ್ಲಿಂದ ಹೊರಟವು. ಕಾಮನ್‌ವೆಲ್ತ್ ದೇಶಗಳ ವಾಯುಪಡೆಗಳಿಗೆ ಜನರನ್ನು ತರಬೇತುಗೊಳಿಸುವ ದೊಡ್ಡ ಯೋಜನೆ ಕೆನಡಾದಲ್ಲಿ ನಡೆಯಿತಲ್ಲ, ಅದರ ಸಾವಿರಾರು ಹುಡುಗರು ಮೊದಲು ಕೈಯಿಟ್ಟದ್ದು ಇವುಗಳ ಮೇಲೆ.

ಅನಂತರ ಬಂದದ್ದು ಮಸ್ಕೀಟೊ. ಎರಡು ಎಂಜಿನ್‌ನ, ಮರದ, ಅತಿವೇಗದ ಯುದ್ಧವಿಮಾನ. ಈಕ್ವೆಡಾರ್‌ನ ಬಾಲ್ಸಾ ಮರದ ಎರಡೂ ಬದಿಗೆ ಬರ್ಚ್ ಮರದ ತೆಳು ಹಾಳೆ ಅಂಟಿಸಿ ಮೈ ಕಟ್ಟುತ್ತಿದ್ದರು; ಎಂಜಿನ್ ಅಮೆರಿಕದಲ್ಲಿ ಪ್ಯಾಕರ್ಡ್ ತಯಾರಿಸಿದ ಮರ್ಲಿನ್. ಕೆನಡಾದ ಮೊದಲ ಮಸ್ಕೀಟೊ 1942ರ ಸೆಪ್ಟೆಂಬರ್ 24ರಂದು ಇಲ್ಲಿಂದ ಹಾರಿತು. ಒಟ್ಟು 1,100ಕ್ಕೂ ಹೆಚ್ಚು ತಯಾರಾದವು. ಕೆಲಸಗಾರರ ಸಂಖ್ಯೆ ಸಾವಿರಗಳಿಗೆ ಏರಿತು. ಅವರಲ್ಲಿ ಹೆಂಗಸರು ಬಹಳ. ಅಂಟು ಸರಿಯಾಗಿ ಕೂತಿದೆಯೇ ಎಂದು ನೋಡುವ ಅವರ ಕಣ್ಣಿನ ಮೇಲೆ ಅಟ್ಲಾಂಟಿಕ್ ದಾಟುವವರ ಜೀವ ನಿಂತಿತ್ತು.

ಮಧ್ಯಾಹ್ನ ರನ್‌ವೇ ಕಡೆಗೆ ನಡೆದೆವು. ಅಲ್ಲಿ ವಿಮಾನಗಳಿಲ್ಲ. 2018ರಲ್ಲಿ ಜಾಗದ ಮಾರಾಟವಾಯಿತು, 2021ರಲ್ಲಿ ಕೊನೆಯ ಡ್ಯಾಶ್ 8 ಪ್ರಯಾಣಿಕ ವಿಮಾನ ಇಲ್ಲಿ ಸಿದ್ಧವಾಯಿತು, 2024ರಲ್ಲಿ ರನ್‌ವೇ ಮುಚ್ಚಿತು. 2025ರ ಬೇಸಿಗೆಯಲ್ಲಿ 50,000 ಜನ ಹಿಡಿಯುವ ಸಂಗೀತ ಬಯಲುರಂಗವೊಂದು ಇಲ್ಲೇ ತೆರೆಯಿತು. ಮುಂದೆ ಇಡೀ ಜಾಗ ಬಡಾವಣೆಯಾಗಲಿದೆ. ಬೇಲಿಯ ಪಕ್ಕ ನಿಂತು ಅಕ್ಕನ ಮಗಳು, "ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುತ್ತಿದ್ದ ಆ ಫ್ಯಾನಿನ ವಿಮಾನ ಇಲ್ಲಿನದೇ ಏನು ಮಾವ?" ಎಂದು ಕೇಳಿದಳು. ಹೌದು, ಸ್ಪೈಸ್‌ಜೆಟ್ ಹುಬ್ಬಳ್ಳಿಗೆ ಹಾರಿಸುತ್ತಿದ್ದ ಕ್ಯೂ400 ಈ ಡ್ಯಾಶ್ 8ರ ಉದ್ದನೆಯ ರೂಪ. ಉತ್ತರ ಕರ್ನಾಟಕದ ಎಷ್ಟೋ ಮಂದಿ ಮೊದಲ ಸಲ ಆಕಾಶ ಹತ್ತಿದ್ದು ಡೌನ್ಸ್‌ವ್ಯೂನಲ್ಲಿ ಜೋಡಿಸಿದ ವಿಮಾನದಲ್ಲಿ.

ಸೋಮವಾರ, ರೈಲು

ಒಟ್ಟಾವಾಕ್ಕೆ ನಾಲ್ಕೂವರೆ ಗಂಟೆಯ ದಾರಿ. ಕಿಂಗ್‌ಸ್ಟನ್ ತನಕ ಬಲಗಡೆ ಒಂಟಾರಿಯೊ ಸರೋವರ ಆಗಾಗ ಇಣುಕುತ್ತದೆ. ಕಟ್ಟಿಕೊಂಡು ಬಂದಿದ್ದ ಚಪಾತಿ, ಚಟ್ನಿಪುಡಿ ಮುಗಿಸಿ ಒಳ್ಳೆಯ ನಿದ್ದೆ ಮಾಡಿದೆ.

ಬುಧವಾರ, ಒಟ್ಟಾವಾ

ಮಂಗಳವಾರ ಮಳೆಯಲ್ಲಿ ಸಂಸತ್ ಭವನದ ಸುತ್ತ ಅಡ್ಡಾಡಿದ್ದಷ್ಟೇ. ಬುಧವಾರ ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ರಾಕ್‌ಕ್ಲಿಫ್‌ನ ವಾಯುಯಾನ ಮತ್ತು ಬಾಹ್ಯಾಕಾಶ ಸಂಗ್ರಹಾಲಯದ ಮುಂದಿದ್ದೆ. ಈ ಶಾಖೆಯ ಕಥೆ ಪೂರ್ತಿ ಒಂದೇ ಕಡೆ ಇರುವುದು ಇಲ್ಲಿನ ಸಂಗ್ರಹದಲ್ಲಿ: ಮಾತ್, ಪಸ್ ಮಾತ್, ಟೈಗರ್ ಮಾತ್, ಡೌನ್ಸ್‌ವ್ಯೂನ ಮಸ್ಕೀಟೊ, ಚಿಪ್‌ಮಂಕ್, ಬೀವರ್, ಆಟರ್, ಟ್ವಿನ್ ಆಟರ್.

ಚಿಪ್‌ಮಂಕ್‌ನಿಂದ ಹೇಳಬೇಕು. ಯುದ್ಧದ ಆರಂಭದಲ್ಲಿ ಪೋಲೆಂಡ್ ಕುಸಿದಾಗ ಅಲ್ಲಿನ ಪಿಜೆಡ್‌ಎಲ್ ಕಾರ್ಖಾನೆಯ ವಿನ್ಯಾಸಕಾರ ಫ್ಸೆವೊಲೊಡ್ ಯಾಕಿಮ್ಯುಕ್ ದೇಶ ಬಿಟ್ಟು, ಕೊನೆಗೆ 1940ರಲ್ಲಿ ಕೆನಡಾ ತಲುಪಿದರು. ಡೌನ್ಸ್‌ವ್ಯೂ ಅವರನ್ನು ಸೇರಿಸಿಕೊಂಡಿತು. ಯುದ್ಧ ಮುಗಿದು ಮಸ್ಕೀಟೊ ಆರ್ಡರುಗಳು ನಿಂತಾಗ, ಟೈಗರ್ ಮಾತ್‌ನ ಜಾಗಕ್ಕೆ ಹೊಸ ತರಬೇತಿ ವಿಮಾನ ಬೇಕೆಂದು ಅವರ ತಂಡ ಚಿಪ್‌ಮಂಕ್ ರೂಪಿಸಿತು. 1946ರ ಮೇ 22ರಂದು ಅದು ಹಾರಿತು. ಲೋಹದ ಮೈ, ಒಂದೇ ಜೋಡಿ ರೆಕ್ಕೆ. ಕೆನಡಾ ಇನ್ನೂರು ಚಿಲ್ಲರೆ ತಯಾರಿಸಿತು. ಇಂಗ್ಲೆಂಡಿನ ತಾಯಿ ಕಂಪನಿ, ಮಗಳ ನಕ್ಷೆ ತರಿಸಿಕೊಂಡು, ಸಾವಿರ ತಯಾರಿಸಿತು. ಬ್ರಿಟಿಷ್ ವಾಯುಪಡೆಯ ಹುಡುಗರು 1996ರವರೆಗೂ ಅದರಲ್ಲಿ ಕಲಿತರು.

ಇದನ್ನು ಓದುವಾಗ ನಾನು ನಿಂತಲ್ಲೇ ನಿಂತೆ. ಹದಿನೆಂಟು ವರ್ಷ ಪೆಟ್ಟಿಗೆಗಳು ಅಟ್ಲಾಂಟಿಕ್‌ನ ಆಚೆಯಿಂದ ಈಚೆಗೆ ಬಂದಿದ್ದವು. ಈಗ ನಕ್ಷೆ ಈಚೆಯಿಂದ ಆಚೆಗೆ ಹೋಯಿತು. ಸರಿಸುಮಾರು ಅದೇ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ವಿ.ಎಂ. ಘಾಟಗೆಯವರ ತಂಡ ಎಚ್‌ಟಿ-2 ಎಂಬ ತರಬೇತಿ ವಿಮಾನದ ನಕ್ಷೆ ಬರೆಯುತ್ತಿತ್ತು. ಅದು 1951ರಲ್ಲಿ ಹಾರಿ, ನಮ್ಮ ವಾಯುಪಡೆಯಲ್ಲಿ ಟೈಗರ್ ಮಾತ್‌ನ ಜಾಗವನ್ನೇ ತುಂಬಿತು. ತಂದೆ ಆ ವಿಮಾನದ ಹೆಸರು ಹೇಳುವಾಗ ದನಿ ಬೇರೆಯಾಗುತ್ತಿತ್ತು. ವ್ಯಾಂಪೈರ್ ಬಗ್ಗೆ ಅವರು ಹಾಗೆ ಎಂದೂ ಮಾತನಾಡಲಿಲ್ಲ.

ಇನ್ನು ಬೀವರ್. ಈ ಸಂಗ್ರಹಾಲಯದಲ್ಲಿರುವುದು ಮೊತ್ತಮೊದಲ ಬೀವರ್, ಸಿಎಫ್-ಎಫ್‌ಎಚ್‌ಬಿ. 1947ರ ಆಗಸ್ಟ್ 16ರಂದು ಅದನ್ನು ಹಾರಿಸಿದವರು ಮಸ್ಕೀಟೊದಲ್ಲಿ ಯುದ್ಧ ಕಾದ ರಸ್ ಬ್ಯಾನಕ್. ಪ್ರಯೋಗ ಮುಗಿದ ಮೇಲೆ ಅದನ್ನು ಪಾಲಿಶ್ ಮಾಡಿ ನಿಲ್ಲಿಸಲಿಲ್ಲ. ಮಾರಿದರು, ಅದು 1980ರವರೆಗೂ ದುಡಿಯಿತು.

ಬೀವರ್ ಹುಟ್ಟಿದ ಬಗೆಯನ್ನು ನಾನು ಯಾವ ವಿನ್ಯಾಸ ಶಾಲೆಯಲ್ಲಾದರೂ ಪಾಠವಾಗಿ ಇಡುತ್ತೇನೆ. 1936ರಿಂದ ಕಂಪನಿ ನಡೆಸುತ್ತಿದ್ದ ಫಿಲ್ ಗ್ಯಾರಟ್, ಮೊದಲ ಮಹಾಯುದ್ಧದ ಪೈಲಟ್. ಕಾಡು ಮತ್ತು ಸರೋವರಗಳ ನಡುವೆ ಹಾರುವ ಪೈಲಟ್‌ಗಳಿಗೆ ಎಂತಹ ವಿಮಾನ ಬೇಕು ಎಂದು ಅವರನ್ನೇ ಕೇಳುವುದೆಂದು ತೀರ್ಮಾನವಾಯಿತು. ಮಾರಾಟ ನೋಡಿಕೊಳ್ಳಲು ಬಂದಿದ್ದ ಪಂಚ್ ಡಿಕಿನ್ಸ್ ಸ್ವತಃ ಉತ್ತರದ ಕಾಡುಗಳ ಮೇಲೆ ಹಾರಿ ಹೆಸರಾದವರು. ಅವರು ಆ ಪೈಲಟ್‌ಗಳಿಗೆ ಪ್ರಶ್ನೆಪಟ್ಟಿ ಕಳುಹಿಸಿದರು. ಉತ್ತರಗಳು ಬಂದವು. ವೇಗಕ್ಕಿಂತ ಎಳೆಯುವ ಶಕ್ತಿ ಬೇಕು. ಚಿಕ್ಕ ಕೊಳದಿಂದ ಏಳಬೇಕು. ಚಕ್ರ, ಸ್ಕೀ, ತೇಲುಗಾಲು ಮೂರೂ ಹಾಕುವಂತಿರಬೇಕು. ಎರಡೂ ಬದಿಗೆ ಬಾಗಿಲು ಬೇಕು, ಏಕೆಂದರೆ ತೇಲುವ ವಿಮಾನ ಯಾವ ಬದಿಯಿಂದ ಕಟ್ಟೆಗೆ ತಾಗುತ್ತದೋ ಹೇಳಲಾಗದು. ಆ ಬಾಗಿಲಿನಲ್ಲಿ 45 ಗ್ಯಾಲನ್‌ನ ಡ್ರಮ್ ಉರುಳಿಸುವಂತಿರಬೇಕು.

ಅಲ್ಲಿದ್ದ ಸ್ವಯಂಸೇವಕ ಹಿರಿಯರು ನನ್ನ ಪ್ರಶ್ನೆಗಳ ಭರ ನೋಡಿ ಹತ್ತಿರ ಬಂದರು. ನಾನು ಫಿಟ್ಟರ್‌ನ ಮಗ ಎಂದದ್ದೇ ತಡ, ಎಂಜಿನ್‌ಗೆ ಆಯಿಲ್ ಹಾಕುವ ಮುಚ್ಚಳ ಎಲ್ಲಿದೆ ಹೇಳಿ ನೋಡೋಣ ಎಂದರು. ಅದು ಕಾಕ್‌ಪಿಟ್‌ನೊಳಗೇ ಇದೆ! ಮೈನಸ್ ನಲವತ್ತರಲ್ಲಿ ಹೊರಗೆ ರೆಕ್ಕೆ ಹತ್ತಿ ಪರದಾಡುವುದು ಬೇಡ, ಬೇಕಾದರೆ ಹಾರುತ್ತಲೇ ಸುರಿದುಕೊಳ್ಳಬಹುದು. ಇಂತಹ ಯೋಚನೆ ಕಚೇರಿಯ ಮೇಜಿನ ಮೇಲೆ ಹುಟ್ಟುವುದಿಲ್ಲ. ಫ್ರೆಡ್ ಬುಲ್ಲರ್, ಡಿಕ್ ಹಿಸ್ಕಾಕ್ಸ್, ಯಾಕಿಮ್ಯುಕ್ ಇವರೆಲ್ಲ ಅಂತಹ ಮಾತುಗಳನ್ನು ಕಿವಿಗೊಟ್ಟು ಕೇಳಿಸಿಕೊಂಡರು.

ಎಂಜಿನ್ ವಿಷಯದಲ್ಲಿ ಇನ್ನೂ ದೊಡ್ಡ ಹೆಜ್ಜೆ ಇಟ್ಟರು. ಮೊದಲ ಯೋಜನೆಯಲ್ಲಿದ್ದದ್ದು ತಾಯಿ ಕಂಪನಿಯದೇ ಜಿಪ್ಸಿ ಎಂಜಿನ್. ಅಷ್ಟರಲ್ಲಿ ಪ್ರ್ಯಾಟ್ ಅಂಡ್ ವಿಟ್ನಿಯ ಕೆನಡಾ ಶಾಖೆ ಯುದ್ಧದಲ್ಲಿ ಮಿಕ್ಕಿದ್ದ ವಾಸ್ಪ್ ಜೂನಿಯರ್ ಎಂಜಿನ್‌ಗಳನ್ನು ಅಗ್ಗದ ಬೆಲೆಗೆ ಕೊಡಲು ಮುಂದಾಯಿತು. 450 ಅಶ್ವಶಕ್ತಿ, ಉತ್ತರದ ಮೆಕ್ಯಾನಿಕ್‌ಗಳಿಗೆಲ್ಲ ಕೈವಶವಾದ ಯಂತ್ರ. ಡೌನ್ಸ್‌ವ್ಯೂ ತಾಯಿಯ ಎಂಜಿನ್ ಬಿಟ್ಟು ಅದನ್ನೇ ಹಾಕಿತು. ಶಾಖೆ ಕಂಪನಿಯಾದದ್ದು ಈ ನಿರ್ಧಾರದಲ್ಲಿ ಎಂದು ನನ್ನ ದೃಢ ಅಭಿಪ್ರಾಯ. 1967ರವರೆಗೆ 1,600ಕ್ಕೂ ಹೆಚ್ಚು ಬೀವರ್‌ಗಳು ತಯಾರಾದವು. ಅರ್ಧಕ್ಕಿಂತ ಹೆಚ್ಚನ್ನು ಅಮೆರಿಕದ ಸೇನೆಯೇ ಕೊಂಡಿತು.

ಅದೇ ದಾರಿಯಲ್ಲಿ 1951ರಲ್ಲಿ ದೊಡ್ಡ ಆಟರ್, 1958ರಲ್ಲಿ ಎರಡು ಎಂಜಿನ್‌ನ ಕ್ಯಾರಿಬೂ. ಎರಡೂ ಭಾರತೀಯ ವಾಯುಪಡೆಗೆ ಬಂದವು. ನಮ್ಮ 41ನೇ ಸ್ಕ್ವಾಡ್ರನ್‌ಗೆ ಇಂದಿಗೂ ಆಟರ್‌ಗಳೆಂದೇ ಹೆಸರು. 33ನೇ ಸ್ಕ್ವಾಡ್ರನ್ 1960ರ ದಶಕದಲ್ಲಿ ಕ್ಯಾರಿಬೂಗಳನ್ನು ಹಾರಿಸಿತು. ರಸ್ತೆಯಿಲ್ಲದ ಗಡಿನಾಡಿಗೂ ಕೆನಡಾದ ಉತ್ತರಕ್ಕೂ ಬೇಕಾದದ್ದು ಒಂದೇ: ಗಿಡ್ಡ ಪಟ್ಟಿಯಲ್ಲಿ ಇಳಿದು ಏಳುವ ವಿಮಾನ.

ಹೊರಡುವ ಮುನ್ನ ಎಂಡೆವರ್ ಬಾಹ್ಯಾಕಾಶ ನೌಕೆಯಲ್ಲಿದ್ದ ಕೆನಡಾರ್ಮ್ ಎಂಬ ಯಂತ್ರದ ತೋಳನ್ನು ನೋಡಿದೆ. ಇದೂ ಡೌನ್ಸ್‌ವ್ಯೂ ಬಳ್ಳಿಯದೇ ಕಾಯಿ. 1962ರಲ್ಲಿ ಕೆನಡಾದ ಮೊದಲ ಉಪಗ್ರಹ ಅಲುಯೆಟ್ ಮೇಲೇರಿದಾಗ ಅದರ ಉದ್ದನೆಯ ಆಂಟೆನಾಗಳನ್ನು ಮಾಡಿಕೊಟ್ಟವರು ಡಿ ಹ್ಯಾವಿಲೆಂಡ್ ಕೆನಡಾದ ವಿಶೇಷ ವಿಭಾಗದವರು. ಲೋಹದ ಪಟ್ಟಿ ಸುರುಳಿಯಾಗಿ ಸುತ್ತಿಕೊಂಡು ಕೂತು, ಮೇಲೆ ಹೋದ ಮೇಲೆ ಬಿಚ್ಚಿ ಕೊಳವೆಯಾಗಿ ಚಾಚಿಕೊಳ್ಳುತ್ತಿತ್ತು. ತುದಿಯಿಂದ ತುದಿಗೆ ಸುಮಾರು 45 ಮೀಟರ್. ಆ ವಿಭಾಗವೇ 1960ರ ದಶಕದ ಕೊನೆಯಲ್ಲಿ ಸ್ಪಾರ್ ಎಂಬ ಬೇರೆ ಕಂಪನಿಯಾಗಿ ಕೆನಡಾರ್ಮ್ ತಯಾರಿಸಿತು.

ಶುಕ್ರವಾರ, ವ್ಯಾಂಕೂವರ್

ಐದು ಗಂಟೆ ಹಾರಿ ದೇಶದ ಇನ್ನೊಂದು ತುದಿಗೆ ಬಂದೆ. ಕೋಲ್ ಹಾರ್ಬರ್‌ನ ತೇಲುಕಟ್ಟೆಯಲ್ಲಿ ಬೀವರ್‌ಗಳು, ಆಟರ್‌ಗಳು ಸಾಲಾಗಿ ನಿಂತಿದ್ದವು. ಸಂಗ್ರಹಾಲಯದ ವಸ್ತುಗಳಲ್ಲ, ಟಿಕೆಟ್ ಕೊಂಡು ಹತ್ತುವ ವಿಮಾನಗಳು. ನನಗೆ ಸಿಕ್ಕಿದ್ದು ಆಟರ್. ಹಳೆಯ ಎಂಜಿನ್ ಜಾಗದಲ್ಲಿ ಟರ್ಬೈನ್ ಕೂರಿಸಿದ್ದರು. ಉಳಿದ ಮೈ 1950ರ ದಶಕದ್ದು. ಪೈಲಟ್‌ನ ಹಿಂದಿನ ಸೀಟಿನಲ್ಲೇ ಕೂತೆ. ನೀರು ಕಿಟಕಿಗೆ ಎರಚಿ, ತೇಲುಗಾಲು ಒಮ್ಮೆ ಕುಲುಕಿ, ಆಮೇಲೆ ಆ ಕುಲುಕು ಪೂರ್ತಿ ನಿಂತುಹೋಯಿತು. ನನಗಿಂತ ಹಿರಿಯ ವಿಮಾನ ಎಷ್ಟು ಸಲೀಸಾಗಿ ಎದ್ದಿತೆಂದರೆ ಪಕ್ಕದವರು ಫೋನಿನಿಂದ ತಲೆಯೆತ್ತಲೂ ಇಲ್ಲ. ಕೆಳಗೆ ಸ್ಟ್ಯಾನ್ಲಿ ಪಾರ್ಕ್, ಮುಂದೆ ಕಡು ಹಸಿರಿನ ದ್ವೀಪಗಳು, ಅರ್ಧ ಗಂಟೆ ಕಳೆದು ವಿಕ್ಟೋರಿಯಾ ಬಂದರಿನ ನೀರು. ರಿವೆಟ್ ಸಾಲುಗಳನ್ನು ಬೆರಳಿನಿಂದ ಮುಟ್ಟಿ ನೋಡಿದೆ. ತಂದೆಯವರ ಕಸುಬಿನವರು ಹೊಡೆದ ರಿವೆಟ್‌ಗಳು, ಇನ್ನೂ ಬಿಗಿಯಾಗಿವೆ.

ಈ ವಿಮಾನ ಸೇವೆಯವರೇ, ಹಾರ್ಬರ್ ಏರ್‌ನವರು, 2019ರ ಡಿಸೆಂಬರ್ 10ರಂದು ಬೀವರ್ ಒಂದಕ್ಕೆ ವಿದ್ಯುತ್ ಮೋಟಾರು ಹಾಕಿ ಹಾರಿಸಿದರು. ಹೊಸ ಮೋಟಾರನ್ನು ಪರೀಕ್ಷಿಸಲು ಎಪ್ಪತ್ತು ವರ್ಷದ ಹಿಂದಿನ ವಿನ್ಯಾಸವನ್ನೇ ನಂಬಿದರು.

ಶನಿವಾರ, ಸಿಡ್ನಿ

ಆಸ್ಟ್ರೇಲಿಯಾದ ಸಿಡ್ನಿಯಲ್ಲ, ವಿಕ್ಟೋರಿಯಾದ ಉತ್ತರಕ್ಕಿರುವ ಪುಟ್ಟ ಊರು. ಇಲ್ಲಿನ ವಿಮಾನ ನಿಲ್ದಾಣದ ಅಂಚಿನಲ್ಲಿ ವೈಕಿಂಗ್ ಏರ್ ಎಂಬ ಕಂಪನಿಯಿತ್ತು. ಹಳೆಯ ಬೀವರ್, ಆಟರ್‌ಗಳಿಗೆ ಬಿಡಿಭಾಗ ಮಾಡಿಕೊಡುವುದು ಅವರ ಕಸುಬು. ಈ ಕಥೆಯ ಕೊನೆಯ ತಿರುವಿಗೆ ಅವರೇ ಕಾರಣರು.

ತಾಯಿ ಕಂಪನಿಯನ್ನು 1960ರಲ್ಲಿ ಹಾಕರ್ ಸಿಡ್ಲಿ ನುಂಗಿತು. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ವಿಮಾನಗಳ ಮೇಲಿಂದ ಡಿ ಹ್ಯಾವಿಲೆಂಡ್ ಹೆಸರು ಅಳಿಯಿತು. ಅವರ ದೊಡ್ಡ ಕಾರ್ಖಾನೆಯಿದ್ದ ಹ್ಯಾಟ್‌ಫೀಲ್ಡ್‌ನಲ್ಲಿ ಈಗ ವಿಶ್ವವಿದ್ಯಾಲಯ, ಮನೆಗಳು, ಕಚೇರಿಗಳು. ಮಗಳೂ ಸುಖವಾಗೇನೂ ಇರಲಿಲ್ಲ. 1974ರಲ್ಲಿ ಕೆನಡಾ ಸರ್ಕಾರ ಕೊಂಡಿತು, 1986ರಲ್ಲಿ ಬೋಯಿಂಗ್‌ಗೆ ಮಾರಿತು, 1992ರಲ್ಲಿ ಬೊಂಬಾರ್ಡಿಯರ್ ಪಾಲಾಯಿತು. 1965ರಲ್ಲಿ ಮೊದಲು ಹಾರಿದ ಟ್ವಿನ್ ಆಟರ್, 844 ತಯಾರಾದ ಮೇಲೆ 1988ರಲ್ಲಿ ನಿಂತುಹೋಯಿತು. ನೇಪಾಳದ ಲುಕ್ಲಾದ ಇಳಿಜಾರು ರನ್‌ವೇ, ಮಾಲ್ಡೀವ್ಸ್‌ನ ನೀಲಿ ನೀರು, ಎಲ್ಲ ಕಡೆ ಬೇಡಿಕೆಯಿದ್ದರೂ ಹೊಸದು ಸಿಗುತ್ತಿರಲಿಲ್ಲ. ಬಿಡಿಭಾಗ ಮಾಡುತ್ತಿದ್ದ ವೈಕಿಂಗ್ 2006ರಲ್ಲಿ ಈ ಹಳೆಯ ವಿಮಾನಗಳೆಲ್ಲದರ ಹಕ್ಕು ಕೊಂಡು, 2010ರಲ್ಲಿ ಹೊಸ ಟ್ವಿನ್ ಆಟರ್ ಹಾರಿಸಿತು. ರಿಪೇರಿಯವರ ಕೈಯಿಂದಲೇ ಎರಡನೇ ಸಲವೂ ಜೀವ ಬಂತು. 2019ರಲ್ಲಿ ಅವರ ಮಾತೃಸಂಸ್ಥೆ ಡ್ಯಾಶ್ 8 ಅನ್ನೂ ಡಿ ಹ್ಯಾವಿಲೆಂಡ್ ಹೆಸರನ್ನೂ ಕೊಂಡಿತು. 2022ರಲ್ಲಿ ಎಲ್ಲವೂ ಮತ್ತೆ ಡಿ ಹ್ಯಾವಿಲೆಂಡ್ ಕೆನಡಾ ಎಂಬ ಒಂದೇ ಹೆಸರಿನಡಿ ಬಂದವು. 2020ರ ಅಕ್ಟೋಬರ್‌ನಲ್ಲಿ ಗುಜರಾತಿನ ಏಕತಾ ಪ್ರತಿಮೆಯ ಬಳಿಯಿಂದ ಸಬರಮತಿಗೆ ಹಾರಿದ ತೇಲುವಿಮಾನವೂ ಟ್ವಿನ್ ಆಟರ್.

ಬೇಲಿಯ ಬಳಿ ಊಟದ ಡಬ್ಬಿ ಹಿಡಿದು ಕೂತಿದ್ದ ಮೆಕ್ಯಾನಿಕ್ ಒಬ್ಬರ ಜೊತೆ ಮಾತಾಯಿತು. ತಾನು ಹುಟ್ಟುವ ಮೊದಲೇ ಡೌನ್ಸ್‌ವ್ಯೂ ಬಿಟ್ಟ ವಿಮಾನಗಳಿಗೆ ಈಗಲೂ ಭಾಗ ಮಾಡುತ್ತೇನೆ ಎಂದರು. ಬೆಂಗಳೂರಿನಲ್ಲಿ ಎಚ್‌ಟಿ-2 ಇನ್ನೂ ಹಾರುತ್ತಿದೆಯೇ ಎಂದು ಕೇಳಿದರು. ಹಾರುವುದನ್ನು ಬಿಟ್ಟು ಬಹಳ ಕಾಲವಾಯಿತು ಎಂದೆ. ನಕ್ಷೆಗಳನ್ನು ಇಟ್ಟುಕೊಂಡಿದ್ದಾರೆ ತಾನೆ, ನಕ್ಷೆ ಇದ್ದರೆ ಸಾಕು ಎಂದರು. ಅವರ ಊಟದ ವಿರಾಮ ಮುಗಿಯುವವರೆಗೆ ಘಾಟಗೆಯವರ ತಂಡದ ಬಗ್ಗೆ ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ.